ಫಿಡೆಲಿಯೊ: 1805ರ ಮೊದಲ ರೂಪ ಮತ್ತು 1814ರ ತಿದ್ದಿದ ರೂಪ. ನೆಲಮಾಳಿಗೆ ದೃಶ್ಯದಲ್ಲಿ ನಾವು ಕಳೆದುಕೊಂಡಿದ್ದೇನು?

ಕುಕ್ಕರಹಳ್ಳಿ ಕೇಳುಗ:

ಬೀಥೋವನ್‌ನ ಒಪೆರಾ ‘ಫಿಡೆಲಿಯೊ’ ಇಷ್ಟಪಡುವವರು ಇಲ್ಲಿ ಹಲವರಿದ್ದೀರಿ. ನಾವೆಲ್ಲ ಸಾಮಾನ್ಯವಾಗಿ ಕೇಳುವುದು 1814ರ ರೂಪ. ಅದಕ್ಕೂ ಮೊದಲು, 1805ರ ನವೆಂಬರ್‌ನಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂದ ಮೊದಲ ರೂಪವನ್ನು ಪೂರ್ತಿ ಕೇಳಿದವರು ಯಾರಾದರೂ ಇದ್ದೀರಾ? ಈಗ ಅದನ್ನು ‘ಲಿಯೊನೋರೆ’ ಅನ್ನುತ್ತಾರೆ. ಬೀಥೋವನ್‌ಗೆ ಬೇಕಾಗಿದ್ದ ಹೆಸರೂ ಅದೇ. ಅದೇ ಕಥೆಯ ಮೇಲೆ ಪಾಯೆರ್ ಬರೆದ ಒಪೆರಾ 1804ರಲ್ಲೇ ಡ್ರೆಸ್ಡೆನ್‌ನಲ್ಲಿ ಬಂದಿತ್ತು. ಹಾಗಾಗಿ ಥಿಯೇಟರ್‌ನವರು ‘ಫಿಡೆಲಿಯೊ’ ಅಂತ ಇಟ್ಟರು.

ನಾನು ಮಾತಾಡಬೇಕು ಅಂದುಕೊಂಡಿರುವುದು ಒಂದೇ ಜಾಗದ ಬಗ್ಗೆ. ಸೆರೆಮನೆಯ ನೆಲಮಾಳಿಗೆ. ಸೆರೆಮನೆಯ ಅಧಿಕಾರಿ ಪಿಜಾರೊ ಕಠಾರಿ ಹಿಡಿದು ಕೈದಿ ಫ್ಲೋರೆಸ್ಟಾನ್‌ನನ್ನು ಕೊಲ್ಲಲು ಬರುತ್ತಾನೆ. ಗಂಡಸಿನ ವೇಷದಲ್ಲಿರುವ ಫ್ಲೋರೆಸ್ಟಾನ್‌ನ ಹೆಂಡತಿ ಲಿಯೊನೋರೆ ಅಡ್ಡ ನಿಲ್ಲುತ್ತಾಳೆ. ಮೊದಲು ಇವನ ಹೆಂಡತಿಯನ್ನು ಕೊಲ್ಲು ಅನ್ನುತ್ತಾಳೆ. ಪಿಸ್ತೂಲು ತೋರಿಸುತ್ತಾಳೆ. ಅಷ್ಟರಲ್ಲಿ ಗೋಪುರದಿಂದ ಟ್ರಂಪೆಟ್ ಕೇಳುತ್ತದೆ. ಮಂತ್ರಿ ಬಂದ ಅಂತ ಸೂಚನೆ. ಇಲ್ಲಿಯವರೆಗೆ ಎರಡೂ ರೂಪದಲ್ಲಿ ಕಥೆ ಒಂದೇ.

1814ರಲ್ಲಿ ಮುಂದೇನಾಗುತ್ತದೆ? ಪಿಜಾರೊ ಹೊರಟುಹೋಗುತ್ತಾನೆ. ಅಪಾಯ ಕಳೆಯಿತು ಅಂತ ಎಲ್ಲರಿಗೂ ಗೊತ್ತಾಗಿದೆ. ಗಂಡ ಹೆಂಡತಿ ನಡುವೆ ಎರಡು ಮಾತು. ನನಗೋಸ್ಕರ ಏನೆಲ್ಲ ಮಾಡಿದೆ ಅಂತ ಅವನು, ಏನೂ ಇಲ್ಲ ಅಂತ ಅವಳು. ತಕ್ಷಣ ಡ್ಯುಯೆಟ್, ಅಂದರೆ ಇಬ್ಬರ ಜೋಡಿ ಹಾಡು, ಶುರು.

1805ರಲ್ಲಿ ಹಾಗಲ್ಲ. ಪಿಜಾರೊ ಓಡುತ್ತಾನೆ. ಕಾವಲುಗಾರ ರೊಕ್ಕೊ ಲಿಯೊನೋರೆ ಕೈಯಲ್ಲಿದ್ದ ಪಿಸ್ತೂಲು ಕಿತ್ತುಕೊಂಡು ಅವನ ಹಿಂದೆಯೇ ಓಡುತ್ತಾನೆ. ಅವಳ ಕೈಯಲ್ಲಿ ಈಗ ಏನೂ ಇಲ್ಲ. ಎಲ್ಲ ಮುಗಿಯಿತು ಅಂದುಕೊಂಡು ಕುಸಿದು ಬೀಳುತ್ತಾಳೆ. ಫ್ಲೋರೆಸ್ಟಾನ್ ಸರಪಳಿಯಲ್ಲಿದ್ದಾನೆ. ಅವಳ ಹತ್ತಿರ ಹೋಗಲು ಅವನಿಗೆ ಆಗುವುದಿಲ್ಲ. ಆಮೇಲೆ ಬರುತ್ತದೆ ಉದ್ದನೆಯ ರೆಸಿಟೆಟಿವ್, ಅಂದರೆ ಮಾತಿನ ಧಾಟಿಯ ಹಾಡು. ಕತ್ತಲಲ್ಲಿ ಇಬ್ಬರೂ ದನಿಯಿಂದಲೇ ಒಬ್ಬರನ್ನೊಬ್ಬರು ಹುಡುಕುತ್ತಾರೆ. ಅಲ್ಲಿಂದ ನಿಧಾನವಾಗಿ ಡ್ಯುಯೆಟ್ ಹುಟ್ಟುತ್ತದೆ. ಅದು ಮುಗಿಯುತ್ತಿದ್ದಂತೆ ಹೊರಗಿನಿಂದ ಜನ ಸೇಡು, ಸೇಡು ಅಂತ ಕೂಗುವುದು ಕೇಳಿಸುತ್ತದೆ. ತಮ್ಮನ್ನು ಕೊಲ್ಲಲು ಬರುತ್ತಿದ್ದಾರೆ ಅಂತಲೇ ಇಬ್ಬರೂ ನಂಬುತ್ತಾರೆ.

ಅಂದರೆ 1805ರಲ್ಲಿ ಅವರ ಸಂತೋಷಕ್ಕೆ ಬಿಡುಗಡೆ ಕಾರಣವೇ ಅಲ್ಲ. ಇನ್ನೊಂದು ಗಳಿಗೆಯಲ್ಲಿ ಸಾಯಬಹುದು ಅಂತ ಗೊತ್ತಿದ್ದೂ ಅವರು ಹಾಡುತ್ತಾರೆ. 1814ರಲ್ಲಿ ಪ್ರಾಣ ಉಳಿದ ಮೇಲೆ ಹಾಡುತ್ತಾರೆ. ರಾಗ ಹೆಚ್ಚುಕಡಿಮೆ ಅದೇ. ತೂಕ ಮಾತ್ರ ಬೇರೆ. ಇದನ್ನು ಕೇಳಿದ ಮೇಲೆ 1814ರ ಆ ಎರಡು ಮಾತಿನ ಸಂಭಾಷಣೆ ನನಗೆ ತುಂಬಾ ಬಡವಾಗಿ ಕಾಣುತ್ತಿದೆ. ನಿಮಗೆಲ್ಲ ಏನನ್ನಿಸುತ್ತದೆ?

ಮ್ಯೂನಿಕ್ ಮಾಣಿ:

ಒಳ್ಳೆ ವಿಷಯ ಎತ್ತಿದ್ದೀರಿ. ಆದರೆ ನಾನು 1814ರ ಪಕ್ಷ.

ಆ ಒಂದು ದೃಶ್ಯದ ಮಟ್ಟಿಗೆ ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಆ ದೃಶ್ಯ ಬರುವುದು ಮೂರನೇ ಅಂಕದಲ್ಲಿ. ಅಲ್ಲಿಗೆ ತಲುಪಲು 1805ರಲ್ಲಿ ಎಷ್ಟು ಹೊತ್ತು ಕಾಯಬೇಕು ನೋಡಿ. ಮೊದಲ ಅಂಕ ಪೂರ್ತಿ ರೊಕ್ಕೊ ಮನೆಯೊಳಗೇ ಇರುತ್ತದೆ. ಮಗಳು ಮಾರ್ಜೆಲಿನೆ ಮದುವೆಯ ಕನಸು ಕಾಣುತ್ತಾಳೆ. ಯಾಕಿನೊ ಅವಳ ಹಿಂದೆ ಅಲೆಯುತ್ತಾನೆ. ಅಪ್ಪ, ಮಗಳು, ಯಾಕಿನೊ ಸೇರಿ ಮದುವೆಯ ಮೇಲೆಯೇ ಇನ್ನೊಂದು ಟ್ರಿಯೊ ಹಾಡುತ್ತಾರೆ. ಎರಡನೇ ಅಂಕದಲ್ಲಿ ಮಾರ್ಜೆಲಿನೆ ಮತ್ತು ಲಿಯೊನೋರೆಯ ಡ್ಯುಯೆಟ್. ಅದೂ ಮದುವೆ ಬಗ್ಗೆಯೇ. ಪಿಜಾರೊ ಅನ್ನೋ ರಾಕ್ಷಸ ರಂಗಕ್ಕೆ ಬರುವುದೇ ಎರಡನೇ ಅಂಕದಲ್ಲಿ.

1814ರಲ್ಲಿ ಒಪೆರಾದ ಮಾತುಗಳನ್ನು ತಿದ್ದಿದ ಟ್ರೈಚ್ಕೆ ಇದನ್ನೆಲ್ಲ ಸರಿಮಾಡಿದ. ಅವನಿಗೆ ರಂಗದ ಕೆಲಸ ಗೊತ್ತಿತ್ತು. ಟ್ರಿಯೊ ಹೋಯಿತು, ಡ್ಯುಯೆಟ್ ಹೋಯಿತು, ಮೂರು ಅಂಕ ಎರಡಾಯಿತು. ಮೊದಲು ಮಾರ್ಜೆಲಿನೆ ಒಬ್ಬಳೇ ಹಾಡುವ ಆರಿಯಾದಿಂದ ಶುರುವಾಗುತ್ತಿತ್ತು. ಈಗ ಯಾಕಿನೊ ಜೊತೆಗಿನ ಜಗಳದ ಡ್ಯುಯೆಟ್ ಮುಂದೆ ಬಂತು. ಪರದೆ ಎದ್ದ ಕೂಡಲೇ ಚಲನೆ ಇದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಕೈದಿಗಳ ಕೋರಸ್ ಇರುವ ಫಿನಾಲೆ, ಅಂದರೆ ಅಂಕದ ಕೊನೆಯ ಭಾಗ. ಮೊದಲ ರೂಪದಲ್ಲಿ ಆ ಅಂಕ ಮುಗಿಯುವುದು ಪಿಜಾರೊ ತನ್ನ ಕಾವಲಿನವರಿಗೆ ಅಬ್ಬರಿಸಿ ಆಜ್ಞೆ ಕೊಡುವುದರಲ್ಲಿ. ಖಳನ ಅಬ್ಬರ, ಅಷ್ಟೇ. 1814ರಲ್ಲಿ ಬೀಥೋವನ್ ಅದನ್ನು ತೆಗೆದು ಹಾಕಿ, ಕೈದಿಗಳು ಬಿಸಿಲಿಗೆ ವಿದಾಯ ಹೇಳಿ ಮತ್ತೆ ಕತ್ತಲಿಗೆ ಇಳಿಯುವ ಭಾಗ ಬರೆದ. ಐದೂ ಪಾತ್ರಗಳು ಅದರ ಮೇಲೆ ತಮ್ಮ ತಮ್ಮ ಮಾತು ಹಾಡುತ್ತವೆ. ದನಿ ಇಳಿಯುತ್ತಾ ಹೋಗಿ ಅಂಕ ಮುಗಿಯುತ್ತದೆ. ಇದನ್ನು ಬಿಟ್ಟುಕೊಡಲು ನಾನು ತಯಾರಿಲ್ಲ.

ಹೊಸ ಕಿವಿ:

ನಾನು ಒಪೆರಾಗೆ ಹೊಸಬಳು. ಫಿಡೆಲಿಯೊ ಒಂದು ಸಲ ಕೇಳಿದ್ದೇನೆ, ಅದೂ ಅರ್ಧ. ಕಥೆ ಯಾರಾದರೂ ನಾಲ್ಕು ಸಾಲಲ್ಲಿ ಹೇಳಿದರೆ ನಿಮ್ಮ ಚರ್ಚೆ ನನಗೂ ಅರ್ಥವಾಗುತ್ತದೆ. ಇನ್ನೊಂದು ಪ್ರಶ್ನೆ. ಇದನ್ನು ತಿದ್ದಿದ್ದು ಯಾಕೆ? ಬೀಥೋವನ್‌ಗೇ ತೃಪ್ತಿ ಇರಲಿಲ್ವಾ, ಇಲ್ಲ ಜನರಿಗೆ ಹಿಡಿಸಲಿಲ್ವಾ?

ತುಂಗಾತೀರ:

ಕಥೆ ಹೀಗಿದೆ. ಸ್ಪೇನ್‌ನಲ್ಲಿ ಸೆವಿಲ್ ಹತ್ತಿರ ಒಂದು ಸೆರೆಮನೆ. ಅದರ ಅಧಿಕಾರಿ ಪಿಜಾರೊ. ತನ್ನ ಅನ್ಯಾಯ ಬಯಲು ಮಾಡಿದ ಫ್ಲೋರೆಸ್ಟಾನ್‌ನನ್ನು ಗುಟ್ಟಾಗಿ ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾನೆ. ಹೆಂಡತಿ ಲಿಯೊನೋರೆ ಫಿಡೆಲಿಯೊ ಅನ್ನೋ ಹುಡುಗನ ವೇಷದಲ್ಲಿ ಬಂದು ಜೈಲು ಕಾವಲುಗಾರ ರೊಕ್ಕೊ ಹತ್ತಿರ ಕೆಲಸಕ್ಕೆ ಸೇರುತ್ತಾಳೆ. ರೊಕ್ಕೊ ಮಗಳು ಈ ‘ಹುಡುಗ’ನನ್ನೇ ಪ್ರೀತಿಸುತ್ತಾಳೆ. ಮಂತ್ರಿ ತಪಾಸಣೆಗೆ ಬರುವ ಸುದ್ದಿ ಸಿಕ್ಕಾಗ ಪಿಜಾರೊ ಕೈದಿಯನ್ನು ಮುಗಿಸಲು ಹೊರಡುತ್ತಾನೆ. ಗುಂಡಿ ತೋಡಲು ರೊಕ್ಕೊ ಜೊತೆ ಲಿಯೊನೋರೆಯೂ ಇಳಿಯುತ್ತಾಳೆ. ಮುಂದಿನದನ್ನು ಮೇಲೆ ಹೇಳಿದ್ದಾರೆ.

ಮೂಲ ಫ್ರೆಂಚ್‌ನದು. ಬೂಯಿ ಅನ್ನುವವನು ಬರೆದ ನಾಟಕಕ್ಕೆ ಗಾವೋ ಸಂಗೀತ ಕೊಟ್ಟ. 1798ರಲ್ಲಿ ಪ್ಯಾರಿಸ್‌ನಲ್ಲಿ ಆಡಿದರು. ಫ್ರೆಂಚ್ ಕ್ರಾಂತಿಯ ಭಯಂಕರ ದಿನಗಳಲ್ಲಿ ತಾನೇ ಕಂಡ ನಿಜ ಘಟನೆ ಇದು, ಕಥೆಯನ್ನು ಸ್ಪೇನ್‌ಗೆ ಸಾಗಿಸಿದ್ದೇನೆ ಅಂತ ಬೂಯಿ ಮುಂದೆ ಹೇಳಿಕೊಂಡ. ಅದನ್ನು ಬೀಥೋವನ್‌ಗಾಗಿ ಜರ್ಮನ್‌ಗೆ ತಂದವನು ಸೊನ್‌ಲೈಟ್ನರ್.

ಇನ್ನು ಯಾಕೆ ತಿದ್ದಿದರು ಅನ್ನೋದು. ಮೊದಲ ಪ್ರದರ್ಶನ 1805ರ ನವೆಂಬರ್ 20ಕ್ಕೆ, ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ. ಅದಕ್ಕೆ ಒಂದು ವಾರ ಮೊದಲು, 13ಕ್ಕೆ, ನೆಪೋಲಿಯನ್‌ನ ಸೈನ್ಯ ವಿಯೆನ್ನಾದೊಳಗೆ ಬಂದಿತ್ತು. ಬೀಥೋವನ್‌ನನ್ನು ಬೆಂಬಲಿಸುತ್ತಿದ್ದ ಶ್ರೀಮಂತರು ಊರು ಬಿಟ್ಟಿದ್ದರು. ಸಭೆಯಲ್ಲಿ ಕೂತವರಲ್ಲಿ ಫ್ರೆಂಚ್ ಸೈನ್ಯದ ಅಧಿಕಾರಿಗಳೇ ಜಾಸ್ತಿ. ಅವರಿಗೆ ಜರ್ಮನ್ ಮಾತು ಎಷ್ಟು ಅರ್ಥವಾಗಿರಬೇಕು! ಮೂರು ಪ್ರದರ್ಶನಕ್ಕೆ ನಿಂತುಹೋಯಿತು. ಇದಕ್ಕೂ ಮೊದಲು ಸೆನ್ಸಾರ್‌ನವರು ತಡೆ ಹಾಕಿದ್ದರು. ಕಥೆ ನಡೆಯುವುದು ಹದಿನಾರನೇ ಶತಮಾನದಲ್ಲಿ ಅಂತ ಸೊನ್‌ಲೈಟ್ನರ್ ಅರ್ಜಿ ಹಾಕಿ ಬಿಡಿಸಿಕೊಂಡ. ಅದಕ್ಕೇ ಪ್ರದರ್ಶನ ಅಕ್ಟೋಬರ್‌ನಿಂದ ನವೆಂಬರ್‌ಗೆ ಹೋಗಿದ್ದು. ಅಕ್ಟೋಬರ್‌ನಲ್ಲೇ ಆಗಿದ್ದಿದ್ದರೆ ಇದನ್ನು ತಿದ್ದುವ ಮಾತೇ ಬರುತ್ತಿತ್ತೋ ಇಲ್ಲವೋ.

ಹಾಗಾಗಿ 1805ರದ್ದು ಸೋತಿತು, ಆದ್ದರಿಂದ ಅದು ಕೆಟ್ಟದು ಅನ್ನುವ ವಾದ ನಾನು ಒಪ್ಪುವುದಿಲ್ಲ. ಅದನ್ನು ಸರಿಯಾಗಿ ಕೇಳಿದವರೇ ಅವತ್ತು ಅಲ್ಲಿ ಇರಲಿಲ್ಲ.

ಪಿಟೀಲು ಮೇಷ್ಟ್ರು:

ತುಂಗಾತೀರ ಅವರು ಹೇಳಿದ್ದಕ್ಕೆ ಮುಂದಿನ ಕೊಂಡಿ ಸೇರಿಸುತ್ತೇನೆ. 1805ರ ಡಿಸೆಂಬರ್‌ನಲ್ಲಿ ರಾಜಕುಮಾರ ಲಿಖ್ನೋವ್ಸ್ಕಿ ಮನೆಯಲ್ಲಿ ಸ್ನೇಹಿತರೆಲ್ಲ ಸೇರಿ ಒಪೆರಾವನ್ನು ಮೊದಲಿನಿಂದ ಕೊನೆವರೆಗೆ ಹಾಡಿ ನೋಡಿದರು. ರಾಜಕುಮಾರಿ ಪಿಯಾನೊ. ಫ್ರಾಂಟ್ಸ್ ಕ್ಲೆಮೆಂಟ್ ಪಿಟೀಲು. ಈ ಕ್ಲೆಮೆಂಟ್‌ಗಾಗಿಯೇ ಮರುವರ್ಷ ಬೀಥೋವನ್ ತನ್ನ ವಯಲಿನ್ ಕಾನ್ಸರ್ಟೊ ಬರೆದದ್ದು. ಅವನು ಇಡೀ ಒಪೆರಾವನ್ನು ಪುಸ್ತಕ ನೋಡದೆ ನುಡಿಸಿದನಂತೆ. ಟೆನರ್ ಗಾಯಕ ರೋಕೆಲ್ ಅಲ್ಲಿದ್ದ. ಎಷ್ಟೋ ವರ್ಷಗಳ ಮೇಲೆ ಅವನು ಬರೆದ ನೆನಪಿನಿಂದ ನಮಗೆ ಇದು ಗೊತ್ತು. ಸಂಜೆ ಶುರುವಾದದ್ದು ನಡುರಾತ್ರಿ ದಾಟುವ ತನಕ ನಡೆಯಿತು. ಒಂದು ಸ್ವರವನ್ನೂ ಬಿಡುವುದಿಲ್ಲ ಅಂತ ಬೀಥೋವನ್ ಹಟ. ಕೊನೆಗೆ ರಾಜಕುಮಾರಿ ಅವನ ತೀರಿಹೋದ ತಾಯಿಯ ಹೆಸರು ಹೇಳಿ ಬೇಡಿಕೊಂಡಾಗ ಒಪ್ಪಿದ.

ಹೀಗೆ 1806ರ ರೂಪ ಹುಟ್ಟಿತು. ಮಾತುಗಳನ್ನು ತಿದ್ದಿದವನು ಗೆಳೆಯ ಬ್ರಾಯ್ನಿಂಗ್. ಮಾರ್ಚ್ 29ಕ್ಕೆ ಪ್ರದರ್ಶನ. ಏಪ್ರಿಲ್ 10ಕ್ಕೆ ಇನ್ನೊಂದು. ಈ ಸಲ ಜನಕ್ಕೆ ಹಿಡಿಸಿತು. ಆದರೆ ಗಲ್ಲಾಪೆಟ್ಟಿಗೆಯ ಪಾಲಿನ ವಿಷಯದಲ್ಲಿ ಥಿಯೇಟರ್‌ನ ಬ್ಯಾರನ್ ಬ್ರೌನ್ ಜೊತೆ ಜಗಳವಾಡಿ ಬೀಥೋವನ್ ತನ್ನ ಹಸ್ತಪ್ರತಿ ವಾಪಸ್ ತೆಗೆದುಕೊಂಡು ಹೊರಟುಬಿಟ್ಟ.

ಈಗ ಮೂಲ ಪ್ರಶ್ನೆಗೆ ಬರೋಣ. ರಾಗದ ಆಲಾಪನೆ ಬಿಟ್ಟು ನೇರ ಪಲ್ಲವಿ ಎತ್ತಿಕೊಂಡ ಹಾಗೆ ಇದೆ 1814ರ ಆ ಡ್ಯುಯೆಟ್. ಕುಕ್ಕರಹಳ್ಳಿ ಕೇಳುಗರು ಹೇಳಿದ ಕೊರತೆ ನಿಜವಾದದ್ದೇ. ಆ ಡ್ಯುಯೆಟ್‌ನ ರಾಗ ಇನ್ನೂ ಹಳೆಯದು. 1803ರಲ್ಲಿ ಷಿಕಾನೇಡರ್ ಬರೆದುಕೊಟ್ಟ ಒಂದು ರೋಮನ್ ಕಥೆಗೆ ಬೀಥೋವನ್ ಸಂಗೀತ ಶುರುಮಾಡಿ ಅರ್ಧಕ್ಕೆ ಕೈಬಿಟ್ಟಿದ್ದ. ಅಲ್ಲಿನ ಒಂದು ಟ್ರಿಯೊದಿಂದ ಇದನ್ನು ತಂದಿದ್ದಾನೆ. ಬೇರೆ ಕಡೆಯಿಂದ ಬಂದ ರಾಗ ಇಲ್ಲಿ ಕೂರಬೇಕಾದರೆ ಅದಕ್ಕೆ ದಾರಿ ಬೇಕು. 1805ರ ರೆಸಿಟೆಟಿವ್ ಆ ದಾರಿ.

ಆದರೆ ಕತ್ತರಿ ಹಾಕಿದ್ದನ್ನಷ್ಟೇ ನೋಡಬೇಡಿ. ಹೊಸದಾಗಿ ಬರೆದದ್ದನ್ನೂ ನೋಡಿ. ಫ್ಲೋರೆಸ್ಟಾನ್‌ನ ಆರಿಯಾ ತೆಗೆದುಕೊಳ್ಳಿ. ನಡುವಿನ ನಿಧಾನದ ಭಾಗ, ಎ ಫ್ಲಾಟ್ ಮೇಜರ್ ಅನ್ನೋ ಸ್ವರಶ್ರೇಣಿಯದು, ಎರಡರಲ್ಲೂ ಇದೆ. ಅದಾದ ಮೇಲೆ 1805ರಲ್ಲಿ ಅವನು ಹೆಂಡತಿಯ ಚಿತ್ರ ನೋಡುತ್ತಾ ಕಳೆದ ಒಳ್ಳೆಯ ದಿನಗಳನ್ನು ನೆನೆಯುತ್ತಾನೆ. ಮೈನರ್‌ನಲ್ಲಿದೆ, ದುಃಖ ಒಳಗೇ ಉಳಿಯುತ್ತದೆ. 1814ರಲ್ಲಿ ಹಸಿವಿನಿಂದ ಸಾಯುತ್ತಿರುವವನಿಗೆ ಹೆಂಡತಿ ದೇವತೆಯಂತೆ ಕಾಣಿಸುತ್ತಾಳೆ. ಎಫ್ ಮೇಜರ್. ಓಬೋ ಅನ್ನೋ ಊದುವ ವಾದ್ಯ ಮೇಲೆ ಮೇಲೆ ಹತ್ತುತ್ತದೆ, ದನಿ ಅದರ ಹಿಂದೆ ಓಡುತ್ತದೆ, ಆಮೇಲೆ ಕುಸಿಯುತ್ತದೆ. ಇದನ್ನು ಬರೆದ ಸಂಜೆಯ ಬಗ್ಗೆ ಟ್ರೈಚ್ಕೆ ನೆನಪು ಬರೆದಿಟ್ಟಿದ್ದಾನೆ. ಬೀಥೋವನ್ ಹೊಸ ಸಾಲುಗಳನ್ನು ಓದಿದ, ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದ, ಗೊಣಗಿದ, ಪಿಯಾನೊ ಮುಂದೆ ಕೂತ. ಗಂಟೆಗಳು ಕಳೆದವು. ಊಟ ಬಂತು, ಅವನು ಏಳಲಿಲ್ಲ. ಊಟವನ್ನೂ ಮಾಡದೆ ಹೊರಟ. ಮರುದಿನ ಆ ಭಾಗ ಸಿದ್ಧ.

ಲಿಯೊನೋರೆಯ ದೊಡ್ಡ ಆರಿಯಾ ಕೂಡ. ಮೂರು ಹಾರ್ನ್ ಜೊತೆಗೆ ಹಾಡುವುದು. 1805ರಲ್ಲಿ ಅದಕ್ಕೆ ಮುಂಚೆ ಬರುವ ರೆಸಿಟೆಟಿವ್‌ನಲ್ಲಿ ಅವಳು ತನ್ನ ದಣಿದ ಹೃದಯಕ್ಕೆ ಇನ್ನೂ ಒಡೆಯಬೇಡ ಅನ್ನುತ್ತಾಳೆ. 1814ರಲ್ಲಿ ಪಿಜಾರೊ ಮೇಲೆ ಸಿಟ್ಟಿನಿಂದ ಸಿಡಿಯುತ್ತಾಳೆ. ಆರಿಯಾದ ಉದ್ದನೆಯ ಅಲಂಕಾರಗಳು ಕಡಿಮೆಯಾದವು. ಮೂರೂ ಸಲ ಲಿಯೊನೋರೆ ಆದವಳು ಅನ್ನಾ ಮಿಲ್ಡರ್. ಮೊದಲ ಸಲ ಅವಳಿಗೆ ಇನ್ನೂ 20 ತುಂಬಿರಲಿಲ್ಲ. ಆ ಆರಿಯಾದ ವಿಷಯಕ್ಕೆ ಬೀಥೋವನ್ ಜೊತೆ ಜಗಳವಾಡಿದ್ದೆ, ಹಳೆಯ ರೂಪದಲ್ಲಿ ಹಾಡಲ್ಲ ಅಂತ 1814ರಲ್ಲಿ ಖಡಾಖಂಡಿತ ಹೇಳಿದೆ ಅಂತ ಅವಳು ಮುಂದೆ ಹೇಳಿಕೊಂಡಿದ್ದಾಳೆ.

ಕುಕ್ಕರಹಳ್ಳಿ ಕೇಳುಗ:

ಮೇಷ್ಟ್ರೇ, ಓಬೋ ಇರುವ ಆ ಭಾಗಕ್ಕೆ ನಾನೂ ತಲೆಬಾಗುತ್ತೇನೆ. ಅದರಲ್ಲಿ ಎರಡು ಮಾತಿಲ್ಲ.

ಆದರೆ ನೀವು ಕೊಟ್ಟ ಎರಡು ಉದಾಹರಣೆಯೂ ಒಂದೇ ದಿಕ್ಕಿಗೆ ಹೋಗುತ್ತಿವೆ. 1805ರ ಫ್ಲೋರೆಸ್ಟಾನ್ ಹೆಂಡತಿಯ ಚಿತ್ರ ನೋಡುತ್ತಾನೆ. ಅವಳು ಒಬ್ಬ ಹೆಂಗಸು, ಅವಳ ಜೊತೆ ಕಳೆದ ದಿನಗಳು ಅವನಿಗೆ ನೆನಪಿವೆ. 1814ರಲ್ಲಿ ಅವಳು ಸ್ವಾತಂತ್ರ್ಯದ ಕಡೆಗೆ ಕರೆದೊಯ್ಯುವ ದೇವತೆ. 1805ರ ಲಿಯೊನೋರೆ ತನ್ನ ಹೃದಯದ ಜೊತೆ ಮಾತಾಡುತ್ತಾಳೆ. 1814ರ ಲಿಯೊನೋರೆ ಅನ್ಯಾಯದ ಜೊತೆ ಮಾತಾಡುತ್ತಾಳೆ. ಗಂಡ ಹೆಂಡತಿಯ ಕಥೆ ಹೋಗಿ ಮನುಷ್ಯಕುಲದ ಕಥೆ ಆಯಿತು. ದೊಡ್ಡದಾಯಿತು, ನಿಜ. ಆದರೆ ನೆಲಮಾಳಿಗೆಯಲ್ಲಿ ನನಗೆ ಬೇಕಿರುವುದು ಆ ಇಬ್ಬರು.

ಮ್ಯೂನಿಕ್ ಮಾಣಿ:

ಹಾಗಾದರೆ ಕೊನೆಯ ದೃಶ್ಯಕ್ಕೆ ಬನ್ನಿ. ನನ್ನ ಮುಖ್ಯ ವಾದ ಅಲ್ಲಿದೆ.

ಮಂತ್ರಿ ಡಾನ್ ಫರ್ನಾಂಡೊ ಸರಪಳಿಯ ಬೀಗದ ಕೈಯನ್ನು ಲಿಯೊನೋರೆಗೆ ಕೊಡುತ್ತಾನೆ, ನೀನೇ ಬಿಡಿಸು ಅಂತ. ಆಗ ಎಲ್ಲ ನಿಂತುಹೋಗಿ ಓಬೋದಲ್ಲಿ ಒಂದು ರಾಗ ಬರುತ್ತದಲ್ಲ, ಅದು ಬೀಥೋವನ್ 1790ರಲ್ಲಿ, ಬಾನ್‌ನಲ್ಲಿದ್ದಾಗ, 19ನೇ ವಯಸ್ಸಲ್ಲಿ ಬರೆದದ್ದು. ಚಕ್ರವರ್ತಿ ಎರಡನೇ ಯೋಸೆಫ್ ತೀರಿಕೊಂಡಾಗ ಬರೆದ ಕಾಂಟಾಟಾದಲ್ಲಿದೆ, ಅಂದರೆ ವಾದ್ಯವೃಂದದ ಜೊತೆ ಹಾಡುವ ಕೃತಿಯಲ್ಲಿ. ಅಲ್ಲಿ ಆ ರಾಗಕ್ಕಿದ್ದ ಮಾತು, ಮನುಷ್ಯರು ಬೆಳಕಿಗೆ ಏರಿ ಬಂದರು ಅಂತ.

1805ರಲ್ಲಿ ಈ ರಾಗ ಎಲ್ಲಿ ಬರುತ್ತದೆ? ನೆಲಮಾಳಿಗೆಯಲ್ಲೇ. ಆ ರೂಪದಲ್ಲಿ ಕೊನೆಯ ತನಕ ಕತ್ತಲಿನಿಂದ ಹೊರಗೆ ಬರುವುದೇ ಇಲ್ಲ. 1814ರಲ್ಲಿ ದೃಶ್ಯ ಬದಲಾಗುತ್ತದೆ. ಕೋಟೆಯ ಮುಂದಿನ ಬಯಲು, ಹಗಲು, ಜನ, ಉಳಿದ ಕೈದಿಗಳೂ ಹೊರಗೆ. ಇಪ್ಪತ್ತನಾಲ್ಕು ವರ್ಷ ಕಾದ ಮೇಲೆ ಆ ರಾಗಕ್ಕೆ ಅದರ ಜಾಗ ಸಿಕ್ಕಿತು. ಸಭಾಂಗಣದಲ್ಲಿ ಕೂತು ಅದನ್ನು ಕಂಡವರಿಗೆ ಇದರ ಶಕ್ತಿ ಗೊತ್ತು. ಮೊದಲು ಕಣ್ಣಿಗೆ ಬೆಳಕು ಬೀಳುತ್ತದೆ, ಆಮೇಲೆ ಓಬೋ ಕಿವಿಗೆ ಬೀಳುತ್ತದೆ. ಹೆಡ್‌ಫೋನ್‌ನಲ್ಲಿ ಕೇಳಿದರೆ ಇದು ಅರ್ಧ ಮಾತ್ರ ಸಿಗುತ್ತದೆ.

1955ರ ನವೆಂಬರ್ 5ರಂದು, ಯುದ್ಧದಲ್ಲಿ ಸುಟ್ಟಿದ್ದ ವಿಯೆನ್ನಾ ಸ್ಟೇಟ್ ಒಪೆರಾ ಮತ್ತೆ ತೆರೆದಾಗ ಕಂಡಕ್ಟರ್ ಕಾರ್ಲ್ ಬೋಮ್ ಇದನ್ನೇ ನಡೆಸಿದ್ದು. ಅವತ್ತು ಆ ಜನಕ್ಕೆ ಬೇಕಾಗಿದ್ದು ಈ ಬಯಲು, ಈ ಹಗಲು.

ತುಂಗಾತೀರ:

ಮಾಣಿ ಅವರ ಮಾತು ಚೆನ್ನಾಗಿದೆ. ಆದರೂ ನನಗೊಂದು ಅನುಮಾನ ಇದೆ.

1814ರ ವಿಯೆನ್ನಾ ನೆನಪಿಸಿಕೊಳ್ಳಿ. ನೆಪೋಲಿಯನ್ ಸೋತಿದ್ದ. ‘ವೆಲಿಂಗ್ಟನ್‌ನ ವಿಜಯ’ ಅನ್ನೋ ಯುದ್ಧದ ಸಂಗೀತದಿಂದ ಬೀಥೋವನ್ ಊರಿಗೇ ಬೇಕಾದವನಾಗಿದ್ದ. ಆ ಗಾಳಿಯಲ್ಲೇ ಆಸ್ಥಾನ ಒಪೆರಾದ ಮೂವರು ಗಾಯಕರು, ಸಾಲ್, ಫೋಗ್ಲ್, ವೈನ್‌ಮ್ಯುಲರ್, ತಮ್ಮ ಸಹಾಯಾರ್ಥ ಪ್ರದರ್ಶನಕ್ಕೆ ಫಿಡೆಲಿಯೊ ಕೇಳಿದರು. ಮೇ 23ಕ್ಕೆ ಕೆರ್ಂಟ್ನರ್‌ಟೋರ್ ಥಿಯೇಟರ್‌ನಲ್ಲಿ ಆಯಿತು. ಸೆಪ್ಟೆಂಬರ್ 26ಕ್ಕೆ ವಿಯೆನ್ನಾ ಕಾಂಗ್ರೆಸ್ ಅನ್ನೋ ರಾಜತಾಂತ್ರಿಕ ಸಭೆಗೆ ಬಂದಿದ್ದ ರಾಜರುಗಳ ಮುಂದೆ ಮತ್ತೆ ಆಡಿದರು.

ಈಗ ಕೊನೆಯ ದೃಶ್ಯ ನೋಡಿ. 1805ರಲ್ಲಿ ಮಂತ್ರಿ, ಜನ ಎಲ್ಲರೂ ಕೈದಿ ಇದ್ದಲ್ಲಿಗೆ ಇಳಿದು ಬರುತ್ತಾರೆ. ಅಧಿಕಾರದಲ್ಲಿರುವವನು ಕತ್ತಲಿಗೆ ಬಂದು ತನ್ನ ಸರ್ಕಾರ ಏನು ಮಾಡಿದೆ ಅಂತ ಕಣ್ಣಾರೆ ನೋಡಬೇಕು. 1814ರಲ್ಲಿ ಕೈದಿಯನ್ನು ಮೇಲೆ ಕರೆತರುತ್ತಾರೆ. ಮಂತ್ರಿ ಬಯಲಲ್ಲಿ ನಿಂತು ರಾಜನ ಹೆಸರಲ್ಲಿ ನ್ಯಾಯ ಕೊಡುತ್ತಾನೆ. ಕೇಳುತ್ತಾ ಕೂತ ರಾಜರುಗಳಿಗೆ ಇದು ಹಿಡಿಸದೆ ಇರುತ್ತದೆಯೇ? ಅವರನ್ನು ಮೆಚ್ಚಿಸಲು ಹೀಗೆ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಬೀಥೋವನ್ ಸಂಗೀತದ ಪ್ರಾಮಾಣಿಕತೆ ಬಗ್ಗೆ ನನಗೆ ಅನುಮಾನವೇ ಇಲ್ಲ. ಆದರೆ ದೃಶ್ಯದ ಅರ್ಥ ತಿರುಗಿದೆ. ನನ್ನ ಮನಸ್ಸಿಗೆ ಇಳಿದು ಬರುವ ಮಂತ್ರಿಯೇ ಹತ್ತಿರ.

ಮ್ಯೂನಿಕ್ ಮಾಣಿ:

ಇದನ್ನು ನಾನು ಯೋಚಿಸಿರಲಿಲ್ಲ. ಇಳಿದು ಬರುವ ಮಂತ್ರಿ. ರಂಗದ ಮೇಲೆ ಇದನ್ನು ಯಾರಾದರೂ ಸರಿಯಾಗಿ ಮಾಡಿದರೆ ನೋಡಬೇಕು.

ಆದರೂ ಕೈದಿಗಳ ಪ್ರಶ್ನೆ ಹಾಗೇ ಉಳಿಯುತ್ತದೆ ಮೇಡಂ. ನಡುವೆ ಅವರನ್ನು ಒಂದು ಸಲ ಬಿಸಿಲಿಗೆ ಬಿಟ್ಟು ಮತ್ತೆ ಒಳಗೆ ಕಳಿಸಿದ್ದೇವೆ. ಕೊನೆಗೆ ಅವರು ಹೊರಗೆ ಬಂದದ್ದನ್ನು ನಾನು ಕಣ್ಣಾರೆ ನೋಡಬೇಕು. ನೆಲಮಾಳಿಗೆಯಲ್ಲೇ ಮುಗಿದರೆ ಬಿಡುಗಡೆ ಒಬ್ಬ ಫ್ಲೋರೆಸ್ಟಾನ್‌ನದು ಮಾತ್ರ ಆಗುತ್ತದೆ.

ಹೊಸ ಕಿವಿ:

ಇಷ್ಟೆಲ್ಲ ಓದಿದ ಮೇಲೆ ಎರಡೂ ಕೇಳಲೇಬೇಕು ಅನ್ನಿಸಿದೆ. ಎಲ್ಲಿಂದ ಶುರು ಮಾಡಲಿ? ಓವರ್ಚರ್, ಅಂದರೆ ಒಪೆರಾ ಶುರುವಿನ ವಾದ್ಯಸಂಗೀತ, ಹುಡುಕಿದರೆ ನಾಲ್ಕು ಸಿಗುತ್ತಿವೆ, ಲಿಯೊನೋರೆ ಒಂದು, ಎರಡು, ಮೂರು, ಆಮೇಲೆ ಫಿಡೆಲಿಯೊ ಅಂತ. ಯಾವುದು ಯಾವುದಕ್ಕೆ?

ಪಿಟೀಲು ಮೇಷ್ಟ್ರು:

ನಂಬರ್ ನೋಡಿ ಎಲ್ಲರಿಗೂ ಗೊಂದಲವಾಗುತ್ತದಮ್ಮ. 1805ರಲ್ಲಿ ನುಡಿಸಿದ್ದು ಎರಡನೆಯದು. 1806ಕ್ಕೆ ಮೂರನೆಯದು. ಒಂದನೆಯದು ಆಮೇಲೆ, ಪ್ರಾಗ್‌ನಲ್ಲಿ ಆಡಬೇಕು ಅಂತ ಇದ್ದಾಗ ಬರೆದದ್ದು. ಆ ಪ್ರದರ್ಶನ ನಡೆಯಲೇ ಇಲ್ಲ. 1814ಕ್ಕೆ ಫಿಡೆಲಿಯೊ ಹೆಸರಿನದು, ಇ ಮೇಜರ್‌ನಲ್ಲಿ. ಅದು ಮೊದಲ ದಿನಕ್ಕೆ ಮುಗಿದಿರಲಿಲ್ಲ. ಬೇರೊಂದು ಹಳೆಯ ಓವರ್ಚರ್ ನುಡಿಸಿದರು. ಎರಡನೇ ಪ್ರದರ್ಶನಕ್ಕೆ ಇದು ಬಂತು.

ಎರಡನೆಯದನ್ನೂ ಮೂರನೆಯದನ್ನೂ ಒಂದರ ಹಿಂದೆ ಒಂದು ಕೇಳಿ. ಎರಡರಲ್ಲೂ ಫ್ಲೋರೆಸ್ಟಾನ್‌ನ ಎ ಫ್ಲಾಟ್ ರಾಗ ಇದೆ. ಎರಡರಲ್ಲೂ ನಡುವೆ ದೂರದಿಂದ ಟ್ರಂಪೆಟ್ ಬರುತ್ತದೆ. ಎರಡನೆಯದರಲ್ಲಿ ಟ್ರಂಪೆಟ್ ಆದ ಮೇಲೆ ಹಿಂದಿನ ರಾಗಗಳು ಪೂರ್ತಿ ಮರಳಿ ಬರುವುದಿಲ್ಲ. ಕಥೆ ಅಲ್ಲಿಗೆ ತಿರುಗಿತು, ಇನ್ನು ಹಿಂದೆ ನೋಡುವುದೇನಿದೆ ಅಂತ ನೇರ ಕೊನೆಗೆ ಓಡುತ್ತದೆ. ಮೂರನೆಯದರಲ್ಲಿ ಕೊಳಲು ಮೊದಲ ರಾಗ ಎತ್ತಿಕೊಂಡು ಎಲ್ಲವೂ ಕ್ರಮವಾಗಿ ಮರಳುತ್ತವೆ. ಕಟ್ಟಡವಾಗಿ ಮೂರನೆಯದು ಪೂರ್ಣ. ನಾಟಕವಾಗಿ ಎರಡನೆಯದು ಧೈರ್ಯದ್ದು. ನನ್ನ ಮಟ್ಟಿಗೆ ಎರಡನೆಯದೇ ಮೇಲು. ಕಾನ್ಸರ್ಟ್‌ಗಳಲ್ಲಿ ಅದನ್ನು ಇಷ್ಟು ಕಡಿಮೆ ನುಡಿಸುವುದು ನನಗೆ ಬೇಸರದ ವಿಷಯ.

ಮೂರನೆಯದನ್ನು 1814ರ ರೂಪದಲ್ಲಿ ನೆಲಮಾಳಿಗೆಗೂ ಕೊನೆಯ ಬಯಲಿಗೂ ನಡುವೆ ನುಡಿಸುವ ಪದ್ಧತಿ ಇದೆ. ಕಂಡಕ್ಟರ್ ಮಾಲರ್ ವಿಯೆನ್ನಾದಲ್ಲಿ 1904ರಲ್ಲಿ ಹಾಗೆ ಮಾಡಿದ ಮೇಲೆ ಅದು ಹರಡಿತು. ಸಂಗೀತ ಕೇಳಲು ಸೊಗಸು. ಆದರೆ ಈಗತಾನೆ ಕೇಳಿದ ಟ್ರಂಪೆಟ್ ಕಥೆಯನ್ನು ಮತ್ತೆ ಹೇಳಿಸಿಕೊಳ್ಳುವುದು ಯಾಕೆ? ಬಿಟ್ಟರೆ ಒಳ್ಳೆಯದು.

ಕುಕ್ಕರಹಳ್ಳಿ ಕೇಳುಗ:

ರೆಕಾರ್ಡಿಂಗ್ ಬಗ್ಗೆ ನಾನು ಹೇಳುತ್ತೇನೆ. 1805ಕ್ಕೆ ಹರ್ಬರ್ಟ್ ಬ್ಲೂಮ್‌ಸ್ಟೆಟ್ ಡ್ರೆಸ್ಡೆನ್‌ನಲ್ಲಿ 1970ರ ದಶಕದಲ್ಲಿ ಮಾಡಿದ್ದು ಇದೆ. ಎಡ್ಡಾ ಮೋಸರ್ ಲಿಯೊನೋರೆ. ದೊಡ್ಡ ಆರ್ಕೆಸ್ಟ್ರಾ, ತುಂಬು ದನಿ. ರೆನೆ ಯಾಕೋಬ್ಸ್ ಇತ್ತೀಚೆಗೆ ಫ್ರೈಬುರ್ಗ್‌ನ ಹಳೆಯ ವಾದ್ಯಗಳ ತಂಡದ ಜೊತೆ ಮಾಡಿದ್ದಾರೆ. ಮಾರ್ಲಿಸ್ ಪೀಟರ್ಸನ್ ಹಾಡಿದ್ದಾರೆ. ವೇಗ ಜಾಸ್ತಿ, ಮಾತುಗಳಿಗೆ ಜೀವ ಇದೆ. ಮೂರು ರೂಪದಲ್ಲಿ ಮೊದಲನೆಯದೇ ಉತ್ತಮ ಅಂತ ನಂಬಿ ಮಾಡಿದ ಕೆಲಸ ಅದು. ಗಾರ್ಡಿನರ್ ಅವರದ್ದೂ ಒಳ್ಳೆಯದು. ಆದರೆ ಅದರಲ್ಲಿ 1806ರ ಕೆಲವು ಭಾಗ ಸೇರಿವೆ, ಸಂಭಾಷಣೆ ಬದಲು ಒಬ್ಬರು ಕಥೆ ಹೇಳುತ್ತಾರೆ. ಮೊದಲ ಸಲಕ್ಕೆ ಬೇಡ. 1806ರ ರೂಪವನ್ನು ಕಣ್ಣಲ್ಲಿ ನೋಡಬೇಕಾದರೆ 2020ರಲ್ಲಿ ಅದೇ ಥಿಯೇಟರ್ ಆನ್ ಡೆರ್ ವೀನ್‌ನಲ್ಲಿ ಮಾಡಿದ್ದು ಸಿಗುತ್ತದೆ. ನಿರ್ದೇಶನ ನಟ ಕ್ರಿಸ್ಟೋಫ್ ವಾಲ್ಟ್ಸ್. ಕೋವಿಡ್ ಬಂದು ಪ್ರೇಕ್ಷಕರಿಲ್ಲದ ಥಿಯೇಟರ್‌ನಲ್ಲಿ ಚಿತ್ರೀಕರಿಸಿದರು.

1814ಕ್ಕೆ ಕ್ಲೆಂಪರರ್ ಅವರ 1962ರದ್ದು. ಕ್ರಿಸ್ಟಾ ಲುಡ್ವಿಗ್, ಜಾನ್ ವಿಕರ್ಸ್. ಆರ್ಕೆಸ್ಟ್ರಾ ಲಂಡನ್‌ನ ಫಿಲ್ಹಾರ್ಮೋನಿಯಾ. ಮೈಸೂರಿನವನಾಗಿ ಒಂದು ಮಾತು ಸೇರಿಸಲೇಬೇಕು. ಆ ಆರ್ಕೆಸ್ಟ್ರಾ 1940ರ ದಶಕದ ಕೊನೆಯಲ್ಲಿ ಹಣಕ್ಕೆ ಒದ್ದಾಡುತ್ತಿದ್ದಾಗ ಕೈಹಿಡಿದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ವಿಕರ್ಸ್ ಹಾಡುವಾಗ ಹಿಂದೆ ಓಬೋ ಹತ್ತುತ್ತದಲ್ಲ, ಆ ತಂಡ ಉಳಿದುಕೊಂಡದ್ದರಲ್ಲಿ ನಮ್ಮೂರಿನ ಪಾಲೂ ಇದೆ.

ಹೊಸ ಕಿವಿ:

ಯಾಕೋಬ್ಸ್ ಮತ್ತು ಕ್ಲೆಂಪರರ್ ಎರಡರಲ್ಲೂ ನೆಲಮಾಳಿಗೆಯ ಭಾಗ ಮಾತ್ರ ಕೇಳಿದೆ. ಅರ್ಥವನ್ನು ಪಕ್ಕದಲ್ಲಿ ಇಟ್ಟುಕೊಂಡೇ ಕೇಳಿದೆ.

ನನಗೆ ಅನ್ನಿಸಿದ್ದು ರೊಕ್ಕೊ ಬಗ್ಗೆ. ಪಿಸ್ತೂಲು ಕಿತ್ತುಕೊಂಡು ಓಡುವ ರೊಕ್ಕೊ ನನಗೆ ಭಯ ಹುಟ್ಟಿಸಿದ. ಅವನು ಕೆಟ್ಟವನಲ್ಲ. ಕೊಲೆ ಮಾಡಲ್ಲ ಅಂದವನೇ ಗುಂಡಿ ತೋಡಲು ಒಪ್ಪುತ್ತಾನೆ. ಅಂಥವನು ಕೊನೆ ಗಳಿಗೆಯಲ್ಲಿ ಯಾವ ಕಡೆ ನಿಲ್ಲುತ್ತಾನೆ ಅಂತ 1805ರಲ್ಲಿ ಗೊತ್ತಾಗುವುದಿಲ್ಲ. 1814ರಲ್ಲಿ ಅವನು ಥಟ್ಟನೆ ಒಳ್ಳೆಯವನಾಗುತ್ತಾನೆ. ನಾನು ನೋಡಿರುವ ರೊಕ್ಕೊಗಳು ಜಾಸ್ತಿ 1805ರವನ ಹಾಗೆ ಇರುತ್ತಾರೆ.

ತುಂಗಾತೀರ:

ತುಂಬಾ ಸರಿ. ಅವನಿಗೆ ಮೊದಲ ಅಂಕದಲ್ಲಿ ಹಣದ ಬಗ್ಗೆ ಒಂದು ಆರಿಯಾ ಇದೆಯಲ್ಲ, ದುಡ್ಡಿಲ್ಲದಿದ್ದರೆ ಸಂಸಾರದಲ್ಲಿ ಸುಖ ಇಲ್ಲ ಅಂತ. 1806ರಲ್ಲಿ ಅದನ್ನು ಬಿಟ್ಟರು. 1814ರ ಜುಲೈನಲ್ಲಿ ಬೀಥೋವನ್‌ನ ಸಹಾಯಾರ್ಥ ನಡೆದ 18ನೇ ತಾರೀಖಿನ ಪ್ರದರ್ಶನದಲ್ಲಿ ಮರಳಿ ಬಂತು. ಅದಿಲ್ಲದೆ ಅವನು ಪಿಜಾರೊ ಕೊಡುವ ದುಡ್ಡಿನ ಚೀಲ ತೆಗೆದುಕೊಳ್ಳುವುದಕ್ಕೆ ಬುಡವೇ ಇರುವುದಿಲ್ಲ.

ಮ್ಯೂನಿಕ್ ಮಾಣಿ:

ರೊಕ್ಕೊ ವಿಷಯದಲ್ಲಿ 1805 ಮೇಲು ಅಂತ ನಾನೂ ಒಪ್ಪಿದೆ. ಆ ರೆಸಿಟೆಟಿವ್ ಕೂಡ ಉಳಿಯಬೇಕಿತ್ತು. ಆದರೆ ಇಡೀ ರಾತ್ರಿಯ ಪ್ರದರ್ಶನಕ್ಕೆ ಯಾವುದು ಅಂತ ಕೇಳಿದರೆ ನನ್ನ ಉತ್ತರ 1814 ಅಂತಲೇ. ತಾನು ಪಾಳುಬಿದ್ದ ಹಳೆಯ ಕೋಟೆಯನ್ನು ಮತ್ತೆ ಕಟ್ಟುತ್ತಿದ್ದೇನೆ ಅಂತ ಬೀಥೋವನ್‌ನೇ ಟ್ರೈಚ್ಕೆಗೆ ಬರೆದಿದ್ದ. ಕಟ್ಟುವವನಿಗೆ ಗೊತ್ತಿತ್ತು ಯಾವ ಗೋಡೆ ನಿಲ್ಲಲ್ಲ ಅಂತ. ಮದುವೆಯ ಆ ಡ್ಯುಯೆಟ್ ಅಂಥದ್ದೊಂದು ಗೋಡೆ.

ಪಿಟೀಲು ಮೇಷ್ಟ್ರು:

ಇಲ್ಲ ಮಾಣಿ, ಅದೊಂದನ್ನು ನಾನು ಬಿಟ್ಟುಕೊಡಲ್ಲ. ಟ್ರಿಯೊ ಬೇಕಾದರೆ ತೆಗೆಯಿರಿ. ಆ ಡ್ಯುಯೆಟ್ ತೆಗೆಯಬೇಡಿ.

ಇಬ್ಬರು ಹೆಂಗಸರ ದನಿ, ಜೊತೆಗೆ ಒಂಟಿ ಪಿಟೀಲು, ಒಂಟಿ ಸೆಲ್ಲೋ. ಇಡೀ ಒಪೆರಾದಲ್ಲಿ ಇಷ್ಟು ಸಣ್ಣ, ಇಷ್ಟು ಹತ್ತಿರದ ಸದ್ದು ಇನ್ನೊಂದು ಕಡೆ ಇಲ್ಲ. ಮಾರ್ಜೆಲಿನೆ ಮದುವೆಯ ಸುಖದ ಬಗ್ಗೆ, ಮಕ್ಕಳ ಬಗ್ಗೆ ಹಾಡುತ್ತಾಳೆ. ಗಂಡನಿಗಾಗಿ ಪ್ರಾಣ ಪಣಕ್ಕಿಟ್ಟು ಬಂದವಳು ಎದುರಿಗೆ ನಿಂತು, ಆ ಹುಡುಗಿಗೆ ಮೋಸ ಮಾಡುತ್ತಾ, ಅವಳ ಜೊತೆ ಸ್ವರ ಸೇರಿಸಬೇಕು. ತನ್ನ ಒಳ್ಳೆಯ ಕೆಲಸಕ್ಕೆ ಬೇರೊಬ್ಬಳು ಬೆಲೆ ತೆರುತ್ತಾಳೆ ಅಂತ ಲಿಯೊನೋರೆಗೆ ಗೊತ್ತಾಗುವ ಜಾಗ ಅದು. 1814ರಲ್ಲಿ ಮಾರ್ಜೆಲಿನೆಗೆ ಕೊನೆಯಲ್ಲಿ ಒಂದು ಸಾಲು ಅಚ್ಚರಿ ಬಿಟ್ಟರೆ ಏನು ಉಳಿದಿದೆ ಹೇಳಿ?

ಬ್ಲೂಮ್‌ಸ್ಟೆಟ್ ರೆಕಾರ್ಡಿಂಗ್‌ನಲ್ಲಿ ಹೆಲೆನ್ ಡೊನಾಥ್ ಮಾರ್ಜೆಲಿನೆ. ಎರಡನೇ ಅಂಕದಲ್ಲಿ, ಪಿಜಾರೊ ಮತ್ತು ರೊಕ್ಕೊ ಡ್ಯುಯೆಟ್ ಆದ ಕೂಡಲೇ ಬರುತ್ತದೆ. ಕೊಲೆಯ ಮಾತು ಮುಗಿದ ಮರುಗಳಿಗೆಗೆ ಈ ಪಿಟೀಲು. ಅದನ್ನು ಕೇಳಿ ಬನ್ನಿ, ಆಮೇಲೆ ಗೋಡೆಯ ಮಾತು ಆಡೋಣ.